ದಯೆಯ ಬೆಲೆಯನ್ನು ತೆರುವವರು ಯಾರು?

ಸಕಲ ಸದ್ಗುಣಗಳಲ್ಲಿ ದಯೆಯಷ್ಟು ಸುಲಭವಾಗಿ ಹೊಗಳಿಸಿಕೊಳ್ಳುವ ಗುಣವು ಮತ್ತೊಂದಿಲ್ಲ. ಸತ್ಯವನ್ನು ಹೊಗಳುವಾಗ ವ್ಯವಹಾರಸ್ಥನು ತುಸು ತಡೆಯುವನು. ನ್ಯಾಯವನ್ನು ಹೊಗಳುವಾಗ ಬಲವುಳ್ಳವನು ಮೊದಲು ತನ್ನ ಹಿತಾಹಿತಗಳನ್ನು ನೆನೆಯುವನು. ದಯೆಯನ್ನು ಮಾತ್ರ ಎಲ್ಲರೂ ಬಾಯ್ತುಂಬ ಹೊಗಳುವರು. ಇದರ ಕಾರಣವು ಅಷ್ಟೇನೂ ಗಹನವಾದದ್ದಲ್ಲ. ದಯೆಯನ್ನು ಹೊಗಳುವದಕ್ಕೆ ಖರ್ಚು ತಗಲುವದಿಲ್ಲ. ಎಷ್ಟೋ ಸಲ ಅದನ್ನು ಆಚರಿಸುವದಕ್ಕೂ ತಗಲುವದಿಲ್ಲ. ತಗಲಿದರೂ ಆ ಖರ್ಚು ಬೇರೊಬ್ಬನ ಲೆಕ್ಕದಲ್ಲಿ ಬರೆಯಲ್ಪಡುವದು. ಮನುಷ್ಯನೂ ಪ್ರಾಣಿಗಳೂ ಒಂದೇ ನೆಲದ ಮೇಲೆ ಬಾಳಬೇಕಾದ ಕಡೆಯಲ್ಲಿ ಈ ಲೆಕ್ಕದ ಪುಸ್ತಕವನ್ನು ಒಮ್ಮೆ ಬಿಚ್ಚಿ ನೋಡುವದು ಅವಶ್ಯ. ಬೀದರ ನಗರದ ಓಣಿಗಳಲ್ಲಿಯೂ, ಭಾಲ್ಕಿಯ ಕಬ್ಬಿನ ಹೊಲಗಳಲ್ಲಿಯೂ, ಔರಾದಿನ ಎರೆಯ ಬಯಲಿನಲ್ಲಿಯೂ ಈ ಲೆಕ್ಕವು ದಿನಾಲು ಏರುತ್ತಲೇ ಇರುವದು.

ವಾಚಕರು ಮೂರು ಚಿತ್ರಗಳನ್ನು ಮನಸ್ಸಿಗೆ ತಂದುಕೊಳ್ಳಲಿ. ಬೀದರದ ಒಬ್ಬ ಸಜ್ಜನ ಗೃಹಸ್ಥನು ರಾತ್ರಿಯ ಊಟವಾದ ಮೇಲೆ ಉಳಿದ ರೊಟ್ಟಿಗಳನ್ನು ಓಣಿಯ ತಿರುವಿನಲ್ಲಿ ನಾಯಿಗಳಿಗೆ ಹಾಕಿ, ಮೂಕಪ್ರಾಣಿಗಳ ಹೊಟ್ಟೆಯನ್ನು ತಣಿಸಿದೆನೆಂಬ ತೃಪ್ತಿಯಿಂದ ಮನೆಗೆ ಬಂದು ಕದವಿಕ್ಕಿಕೊಳ್ಳುವನು. ನಸುಕಿನಲ್ಲಿ ಪೊರಕೆ ಹಿಡಿದು ಬರುವ ಪೌರಕಾರ್ಮಿಕ ಸ್ತ್ರೀಯೂ, ಹೊತ್ತೇರಿದ ಮೇಲೆ ಪಾಟೀಚೀಲವನ್ನು ಹೊತ್ತು ಶಾಲೆಗೆ ಹೋಗುವ ಹುಡುಗನೂ ಅದೇ ತಿರುವನ್ನು, ಅದೇ ನಾಯಿಗಳ ನಡುವೆ, ದಾಟಬೇಕಾಗುವದು. ಔರಾದ ತಾಲೂಕಿನ ಬಯಲಿಗೆ ರವಿವಾರ ಮೋಟಾರಿನಲ್ಲಿ ಬಂದ ಕುಟುಂಬವೊಂದು ಕೃಷ್ಣಮೃಗಗಳ ಹಿಂಡು ನೆಗೆಯುವದನ್ನು ಕಂಡು ಕಣ್ಣು ತಂಪು ಮಾಡಿಕೊಂಡು, ಚಿತ್ರಗಳನ್ನು ತೆಗೆದುಕೊಂಡು ಹಿಂದಿರುಗುವದು. ಹಿಂಡು ನಿಂತಿದ್ದುದು ಬಯಲಿನಲ್ಲಿ ಅಲ್ಲ, ಯಾರೋ ಒಬ್ಬ ಒಕ್ಕಲುಮಗನ ಕಡಲೆಯ ಹೊಲದಲ್ಲಿ ಎಂಬದನ್ನು ಆ ಕುಟುಂಬವು ಗಮನಿಸಿರುವದಿಲ್ಲ. ಭಾಲ್ಕಿಯ ಕಡೆಯಲ್ಲಿ ಕಬ್ಬು ಬೆಳೆದವನು ರಾತ್ರಿಯೆಲ್ಲ ತಗಡಿನ ಡಬ್ಬಿಯನ್ನು ಬಾರಿಸುತ್ತ ಕಾಡುಹಂದಿಗಳನ್ನು ಕಾಯುತ್ತಿರುವಾಗ, ಪಟ್ಟಣವು ಅದೇ ಕಬ್ಬಿನ ಸಕ್ಕರೆ ಹಾಕಿದ ಚಹವನ್ನು ಕುಡಿಯುತ್ತ ವನ್ಯಜೀವಿಗಳ ಸಂರಕ್ಷಣೆಯನ್ನು ಕುರಿತು ಮಾತನಾಡುವದು. ಮೂರು ಕಡೆಗೂ ದಯೆಯಿದೆ. ಮೂರು ಕಡೆಗೂ ದಯೆ ತೋರಿದವನು ಒಬ್ಬ, ಬೆಲೆ ತೆತ್ತವನು ಇನ್ನೊಬ್ಬ.

ಪ್ರಾಚೀನರು ಈ ತೊಡಕನ್ನು ಅರಿಯದವರಲ್ಲ. ಶಿಬಿಯ ಕಥೆಯನ್ನು ಕೇಳದ ಮನೆ ಈ ನಾಡಿನಲ್ಲಿ ಇರಲಾರದು. ಗಿಡುಗಕ್ಕೆ ಅಂಜಿದ ಪಾರಿವಾಳವು ತನ್ನ ತೊಡೆಯ ಮೇಲೆ ಬಂದು ಬಿದ್ದಾಗ ಅರಸನು ಅದಕ್ಕೆ ಅಭಯವನ್ನು ಕೊಟ್ಟನೆಂಬದು ಕಥೆಯ ಅರ್ಧ ಭಾಗ ಮಾತ್ರ. ಇನ್ನರ್ಧವೇ ಹೆಚ್ಚು ವಿಚಾರಾರ್ಹವಾದದ್ದು. ಗಿಡುಗವೂ ಬಂದು ತನ್ನ ಹಸಿವಿನ ಹಕ್ಕನ್ನು ಹೇಳಿಕೊಂಡಿತು. ಶಿಬಿಯು ಅದನ್ನು ಕ್ರೂರಪಕ್ಷಿಯೆಂದು ಹಳಿದು ಓಡಿಸಲಿಲ್ಲ. ಪಾರಿವಾಳದ ಭಯವೂ ನಿಜ, ಗಿಡುಗದ ಹಸಿವೂ ನಿಜ ಎಂದು ಅವನು ಒಪ್ಪಿಕೊಂಡನು. ಆಮೇಲೆ ತಕ್ಕಡಿಯನ್ನು ತರಿಸಿದನು. ತರಿಸಿ, ಸೇವಕನ ತೊಡೆಯಿಂದಲ್ಲ, ತನ್ನ ತೊಡೆಯಿಂದಲೇ ಮಾಂಸವನ್ನು ಕೊಯ್ದು ಇಟ್ಟನು. ಕಡೆಗೆ ಸಾಲದೆ ಬಂದಾಗ ತಾನೇ ತಕ್ಕಡಿಯನ್ನು ಏರಿದನು. ನೆರೆಮನೆಯವನ ಮಾಂಸವನ್ನು ಕೊಯ್ದು ಇಟ್ಟಿದ್ದರೆ ಪಾರಿವಾಳವೇನೋ ಉಳಿಯುತ್ತಿತ್ತು. ಶಿಬಿಯ ಹೆಸರು ಉಳಿಯುತ್ತಿರಲಿಲ್ಲ.

ಬೀದರದ ನೆಲದಲ್ಲಿ ಬಾಳುವ ಬೇರೆ ಸಂಪ್ರದಾಯಗಳೂ ಇದೇ ಮಾತಿಗೆ ಸಾಕ್ಷಿಯಾಗಿವೆ. ಮುಸಲ್ಮಾನರ ಪ್ರವಾದಿವಚನಗಳಲ್ಲಿ ಒಬ್ಬ ದಾರಿಹೋಕನ ಕಥೆ ಬರುವದು. ಬಾವಿಗಿಳಿದು ದಾಹವನ್ನು ತೀರಿಸಿಕೊಂಡು ಮೇಲೆ ಬಂದ ಅವನು, ನೀರಡಿಸಿ ಹಸಿಮಣ್ಣನ್ನು ನೆಕ್ಕುತ್ತಿದ್ದ ನಾಯಿಯನ್ನು ಕಂಡು, ಮತ್ತೆ ಬಾವಿಗಿಳಿದು, ತನ್ನ ಪಾದರಕ್ಷೆಯಲ್ಲಿ ನೀರು ತುಂಬಿಕೊಂಡು, ಅದನ್ನು ಬಾಯಲ್ಲಿ ಕಚ್ಚಿ ಹಿಡಿದು ಮೇಲಕ್ಕೆ ಹತ್ತಿ ಬಂದು ಅದಕ್ಕೆ ಕುಡಿಸಿದನು. ಅವನ ಪಾಪಗಳು ಕ್ಷಮಿಸಲ್ಪಟ್ಟವು. ಇಲ್ಲಿ ಎರಡನೆಯ ಸಲ ಬಾವಿಗೆ ಇಳಿದದ್ದೇ ಪುಣ್ಯದ ಮೂಲವು. ಇದೇ ಜಿಲ್ಲೆಯ ಕಲ್ಯಾಣದಲ್ಲಿ ೧೨ನೆಯ ಶತಮಾನದ ಶರಣರು ಕಾಯಕವನ್ನೂ ದಾಸೋಹವನ್ನೂ ಒಂದಕ್ಕೊಂದು ಗಂಟುಹಾಕಿ ಇಟ್ಟದ್ದರ ಮರ್ಮವೂ ಇದಕ್ಕಿಂತ ಬೇರೆಯಲ್ಲ. ತಾನು ದುಡಿದದ್ದನ್ನು ನೀಡಿದರೆ ಅದು ದಾಸೋಹ. ಪರರ ಗಂಟನ್ನು ನೀಡಿದರೆ ಅದಕ್ಕೆ ಬೇರೆ ಹೆಸರುಂಟು. ಹಾಗಾದರೆ ದಯೆಯ ಒರೆಗಲ್ಲು ಪ್ರಾಣಿಗೆ ದೊರೆತ ಸುಖವೊಂದೇ ಅಲ್ಲ. ಆ ಸುಖದ ಬೆಲೆಯು ಯಾರ ಮೈಯಿಂದ ಕೊಯ್ಯಲ್ಪಟ್ಟಿತು ಎಂಬದೂ ಆಗಿರುವದು.

ಈ ಒರೆಗಲ್ಲಿನ ಮೇಲೆ ಮೊದಲು ನಾಯಿಯ ಸಂಗತಿಯನ್ನು ತಿಕ್ಕಿ ನೋಡಬಹುದು. ನಾಯಿಯ ವಿಷಯದಲ್ಲಿ ಮನುಷ್ಯನಿಗೆ ವಿಶೇಷವಾದ ಋಣವುಂಟು. ಕೃಷ್ಣಮೃಗವೂ ಹಾವೂ ಮನುಷ್ಯನನ್ನು ಕೇಳಿ ಹುಟ್ಟಿದವುಗಳಲ್ಲ. ನಾಯಿಯನ್ನಾದರೋ ಸಾವಿರಾರು ವರ್ಷಗಳ ಹಿಂದೆ ಮನುಷ್ಯನೇ ಒಲೆಯ ಬಳಿಗೆ ಕರೆದುಕೊಂಡನು. ಅಂದಿನಿಂದ ಅದು ಕಾಡಿಗೆ ಹೋಗಿ ಬಾಳಲಾರದು, ಊರಿನ ಅನ್ನವಿಲ್ಲದೆ ಉಳಿಯಲಾರದು. ಭಾಲ್ಕಿ ತಾಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಭಕ್ತರಿಗೆ ನಾಯಿಯು ದೇವರ ಸಂಗಾತಿ. ಮೈಲಾರನ ಸೇವೆಯ ವಗ್ಗಯ್ಯಗಳು ತಾವೇ ನಾಯಿಗಳೆಂದು ಭಾವಿಸಿ ಆ ದೇವರ ಮುಂದೆ ಬೊಗಳುವ ಪದ್ಧತಿಯುಂಟು. ಧರ್ಮರಾಯನು ತನ್ನನ್ನು ಹಿಂಬಾಲಿಸಿದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದನು. ಇವೆಲ್ಲವೂ ಸತ್ಯವೇ. ಆದರೆ ಧರ್ಮರಾಯನು ಪಣಕ್ಕೊಡ್ಡಿದ್ದು ತನ್ನ ಸ್ವರ್ಗವನ್ನು ಎಂಬ ಅಂಶವನ್ನು ಮರೆಯಬಾರದು.

ಬೀದಿನಾಯಿಯಿಂದ ಒದಗುವ ಬೆಲೆಯಾದರೋ ಸ್ವರ್ಗದ್ದಲ್ಲ, ಪ್ರಾಣದ್ದು. ರೇಬಿಸ್ ಎಂಬ ಹುಚ್ಚುನಾಯಿಯ ರೋಗವು ಒಮ್ಮೆ ಲಕ್ಷಣಗಳನ್ನು ತೋರಿತೆಂದರೆ, ನೀರನ್ನು ಕಂಡು ಗಂಟಲು ಬಿಗಿಯಿತೆಂದರೆ, ಪ್ರಾಯಶಃ ಯಾರೂ ಬದುಕುವದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ೫೯,೦೦೦ ಜನರು ಇದರಿಂದ ಸಾಯುವರು. ಅದರಲ್ಲಿ ಮೂರರಲ್ಲೊಂದು ಪಾಲಿನಷ್ಟು ಸಾವು ಭಾರತದ್ದೇ. ನೂರರಲ್ಲಿ ೯೯ರಷ್ಟು ರೋಗವು ನಾಯಿಯಿಂದಲೇ ಬರುವದು. ರೋಗದ ಶಂಕೆಯುಳ್ಳ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ೪೦ ಪಾಲು ೧೫ ವರ್ಷದೊಳಗಿನ ಮಕ್ಕಳು. ಅದೇ ಕಾಲಕ್ಕೆ ಇದು ಸಂಪೂರ್ಣವಾಗಿ ತಡೆಯಬಹುದಾದ ರೋಗವೂ ಆಗಿದೆ. ಪಾಶ್ಚರನು ೧೮೮೫ರಲ್ಲಿಯೇ ಕಚ್ಚಿಸಿಕೊಂಡ ಹುಡುಗನೊಬ್ಬನಿಗೆ ಲಸಿಕೆಯನ್ನು ಹಾಕಿ ಬದುಕಿಸಿದನು. ದಕ್ಷಿಣ ಭಾರತದ ಪಾಶ್ಚರ್ ಸಂಸ್ಥೆಯು ಕೂನೂರಿನಲ್ಲಿ ೧೯೦೭ರಲ್ಲಿ ಆರಂಭವಾಯಿತು. ಹಿಂದಿನ ಕಾಲದಲ್ಲಿ ಹೊಟ್ಟೆಯ ಸುತ್ತ ಚುಚ್ಚುತ್ತಿದ್ದ ಹಲವು ಸೂಜಿಗಳು ಈಗಿಲ್ಲ. ತೋಳಿಗೆ ನಾಲ್ಕೈದು ಸಲ ಹಾಕುವ ಲಸಿಕೆಯೂ, ಗಾಯವು ಆಳವಾಗಿದ್ದರೆ ಅದರ ಸುತ್ತಲೇ ಹಾಕುವ ಪ್ರತಿವಿಷವೂ ಸಾಕಾಗುವವು. ಎಲ್ಲಕ್ಕೂ ಮೊದಲು ಮಾಡತಕ್ಕದ್ದು, ಕಚ್ಚಿದ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ೧೫ ನಿಮಿಷ ತೊಳೆಯುವದು. ಅರಿಸಿನ, ಸುಣ್ಣ, ಖಾರದ ಪುಡಿಗಳನ್ನು ಮೆತ್ತುವದರಿಂದ ಕೇಡೇ ಹೊರತು ಲಾಭವಿಲ್ಲ. ಇಷ್ಟನ್ನು ತಿಳಿಯದ ಮನೆಯಲ್ಲಿ, ತಿಳಿದೂ ಕೂಲಿಯ ದಿನವನ್ನು ಕಳೆದುಕೊಂಡು ಮರುಮರಳಿ ಆಸ್ಪತ್ರೆಗೆ ಹೋಗಲಾರದ ಮನೆಯಲ್ಲಿ, ಈ ರೋಗವು ಕಾಲಿಡುವದು. ಎಂದರೆ, ತಿರುವಿನಲ್ಲಿ ರೊಟ್ಟಿಯನ್ನು ಹಾಕಿದವನ ಮನೆಯಲ್ಲಿ ಪ್ರಾಯಶಃ ಅಲ್ಲ.

ಹಾಗಾದರೆ ನಾಯಿಗಳನ್ನೆಲ್ಲ ಕೊಂದುಬಿಡಲಿ ಎಂದು ಕೋಪಗೊಂಡವರು ಹೇಳುವರು. ಈ ಮಾತು ಧರ್ಮದ ದೃಷ್ಟಿಯಿಂದ ಹೇಗೋ ಹಾಗೆ ಪ್ರಯೋಜನದ ದೃಷ್ಟಿಯಿಂದಲೂ ನಿಲ್ಲುವದಿಲ್ಲ. ಮದ್ರಾಸಿನ ನಗರಾಡಳಿತವು ಬಹುಕಾಲ ನಾಯಿಗಳನ್ನು ಹಿಡಿದು ಕೊಲ್ಲುತ್ತಿತ್ತು, ಅವು ಕಡಿಮೆಯಾಗಲಿಲ್ಲ. ತಿಪ್ಪೆಯು ಇರುವವರೆಗೆ, ಒಂದು ಓಣಿಯನ್ನು ಬರಿದು ಮಾಡಿದರೆ ಪಕ್ಕದ ಓಣಿಯ ನಾಯಿಗಳು ಬಂದು ಅದನ್ನು ತುಂಬುವವು. ಕಡೆಗೆ ೧೯೯೬ರಿಂದ ಅಲ್ಲಿ ಸಂತಾನಹರಣದ ಮಾರ್ಗವನ್ನು ಹಿಡಿಯಲಾಯಿತು. ೨೦೦೧ರಲ್ಲಿ ಇಡೀ ದೇಶಕ್ಕೆ ಈ ವಿಷಯದ ನಿಯಮಗಳಾದವು. ೨೦೨೩ರ ಮಾರ್ಚಿನಲ್ಲಿ ಅವುಗಳ ಸ್ಥಾನದಲ್ಲಿ ಹೊಸ ನಿಯಮಗಳು ಬಂದವು. ಇವುಗಳ ಸಾರವೇನೆಂದರೆ, ಸ್ಥಳೀಯ ಆಡಳಿತವು ಬೀದಿನಾಯಿಗಳನ್ನು ಹಿಡಿಸಿ, ಶಸ್ತ್ರಕ್ರಿಯೆ ಮಾಡಿಸಿ, ಲಸಿಕೆ ಹಾಕಿಸಿ, ಹಿಡಿದ ಸ್ಥಳದಲ್ಲಿಯೇ ಬಿಡತಕ್ಕದ್ದು. ನೂರರಲ್ಲಿ ೭೦ ನಾಯಿಗಳಿಗೆ ಲಸಿಕೆ ಬಿದ್ದರೆ ರೋಗದ ಸರಪಳಿಯು ಕಡಿದುಹೋಗುವದೆಂದು ಶಾಸ್ತ್ರಜ್ಞರ ಮತ. ನೆರೆಯ ಗೋವೆಯಲ್ಲಿ ೨೦೧೪ರಿಂದ ಮನೆಮನೆ, ಬೀದಿಬೀದಿ ಸುತ್ತಿ ಲಸಿಕೆ ಹಾಕಿ, ಕಚ್ಚಿಸಿಕೊಂಡವರಿಗೆ ತಿಳಿವಳಿಕೆ ಕೊಟ್ಟು, ಕೆಲವೇ ವರ್ಷಗಳಲ್ಲಿ ಮನುಷ್ಯರ ರೇಬಿಸ್ ಸಾವುಗಳನ್ನು ನಿಲ್ಲಿಸಿದ್ದು ಈ ಮತಕ್ಕೆ ಪ್ರತ್ಯಕ್ಷ ಪ್ರಮಾಣವಾಗಿದೆ.

೨೦೨೫ರಲ್ಲಿ ಈ ವಿವಾದವು ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆ ನಿಂತಿತು. ಆಗಸ್ಟ್ ೧೧ರಂದು ದಿಲ್ಲಿಯ ಸುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಗಳಲ್ಲಿ ಇಡಬೇಕೆಂದು ಆಜ್ಞೆಯಾಯಿತು. ಅದೇ ತಿಂಗಳ ೨೨ರಂದು ಮೂವರು ನ್ಯಾಯಾಧೀಶರ ಪೀಠವು ಅದನ್ನು ತಿದ್ದಿ, ಶಸ್ತ್ರಕ್ರಿಯೆಯೂ ಲಸಿಕೆಯೂ ಆದ ನಾಯಿಗಳನ್ನು ಹಿಂದಕ್ಕೆ ಬಿಡಬಹುದು, ರೇಬಿಸ್ ತಗಲಿದ ಮತ್ತು ಆಕ್ರಮಣ ಮಾಡುವ ನಾಯಿಗಳನ್ನು ಮಾತ್ರ ಬಿಡಕೂಡದು, ಅನ್ನ ಹಾಕುವವರು ಗೊತ್ತುಪಡಿಸಿದ ಸ್ಥಳದಲ್ಲಿಯೇ ಹಾಕತಕ್ಕದ್ದು ಎಂದಿತು. ನವೆಂಬರ್ ೭ರಂದು ಶಾಲೆ, ಆಸ್ಪತ್ರೆ, ಆಟದ ಬಯಲು, ಬಸ್ಸು ಮತ್ತು ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆಗೆಯಬೇಕು, ಮತ್ತೆ ಅಲ್ಲಿಯೇ ಬಿಡಬಾರದು ಎಂಬ ಆಜ್ಞೆ ಬಂದಿತು. ಪ್ರಾಣಿಪ್ರಿಯರು ಇದನ್ನು ಕ್ರೌರ್ಯವೆಂದರು. ಇನ್ನು ಕೆಲವರು ಇಷ್ಟು ಸಾಲದೆಂದರು. ಇಬ್ಬರೂ ಬಿಟ್ಟ ಪ್ರಶ್ನೆಯೊಂದುಂಟು: ಇದನ್ನೆಲ್ಲ ನಡೆಯಿಸುವ ಹಣವೂ ಜನವೂ ಎಲ್ಲಿಂದ ಬರಬೇಕು? ಬೀದರದಂಥ ನಗರಕ್ಕೂ, ಭಾಲ್ಕಿಯ ಪುರಸಭೆಗೂ, ಔರಾದಿನ ಪಟ್ಟಣ ಪಂಚಾಯತಿಗೂ ನಾಯಿ ಹಿಡಿಯುವ ತರಬೇತಿಯುಳ್ಳ ಜನ, ಶಸ್ತ್ರಕ್ರಿಯೆಯ ಕೋಣೆ, ಆಮೇಲೆ ಕೆಲವು ದಿನ ಇಟ್ಟುಕೊಳ್ಳುವ ಗೂಡು, ಇವೆಲ್ಲ ಬೇಕು. ವಿದ್ಯೆಯ ಕೊರತೆಯನ್ನು ಮಾತ್ರ ಬೀದರವು ಮುಂದೊಡ್ಡಲಾರದು. ಇಡೀ ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನವು ಈ ನಗರದಲ್ಲಿಯೇ ಇರುವದು. ಕೊರತೆಯಿರುವದು ಬೆಲೆಯನ್ನು ಹಂಚಿಕೊಳ್ಳುವ ಮನಸ್ಸಿನದು.

ಇಷ್ಟಾದ ಮೇಲೂ ಎಲ್ಲಕ್ಕಿಂತ ದೊಡ್ಡ ಕಾರಣವೊಂದು ಉಳಿಯುವದು, ಅದು ಕಸ. ಬೀದಿನಾಯಿಗಳ ಸಂಖ್ಯೆಯನ್ನು ನಿರ್ಣಯಿಸುವದು ಪ್ರಾಣಿಪ್ರಿಯರ ರೊಟ್ಟಿಗಿಂತ ಹೆಚ್ಚಾಗಿ ಮಾಂಸದಂಗಡಿಯ ಹಿಂದಿನ ರಾಶಿ, ಕಲ್ಯಾಣಮಂಟಪದ ಎಂಜಲೆಲೆ, ಮನೆಮನೆಯಿಂದ ಗಟಾರದ ದಂಡೆಗೆ ಎಸೆಯಲ್ಪಡುವ ಚೀಲ. ನಾಯಿಯನ್ನು ದ್ವೇಷಿಸುವವನೂ ಹೀಗೆ ಅದಕ್ಕೆ ದಿನಾಲು ಉಣಿಸುತ್ತಿರುವನು. ಒಬ್ಬನು ತಿಳಿದು ಉಣಿಸುವನು, ಇನ್ನೊಬ್ಬನು ತಿಳಿಯದೆ. ಹಾಗಾದಕಾರಣ ಊರಿನ ನಾಯಿಯ ಹೊಣೆಯಿಂದ ಊರಿನ ಯಾವ ಮನೆಯೂ ತಪ್ಪಿಸಿಕೊಳ್ಳಲಾರದು. ದಯಾಳುವಾದವನು ರೊಟ್ಟಿ ಹಾಕುವದರೊಡನೆ ಆ ನಾಯಿಗೆ ಲಸಿಕೆಯೂ ಶಸ್ತ್ರಕ್ರಿಯೆಯೂ ಆಗುವಂತೆ ನೋಡಿಕೊಂಡರೆ, ಶಾಲೆಯ ದಾರಿಯನ್ನು ಬಿಟ್ಟು ಬೇರೆಡೆಯಲ್ಲಿ ಹಾಕಿದರೆ, ಅವನ ದಯೆಗೆ ಬಾವಿಗೆ ಎರಡನೆಯ ಸಲ ಇಳಿದ ದಾರಿಹೋಕನ ಪುಣ್ಯವು ಬರುವದು.

ನಾಯಿಯ ಲೆಕ್ಕವು ಓಣಿಯಲ್ಲಿಯೇ ಮುಗಿಯುವದಿಲ್ಲ. ಊರ ಹೊರಗಿನ ತಿಪ್ಪೆಗಳಲ್ಲಿ ಕೊಬ್ಬಿದ ನಾಯಿಗಳು ಗುಂಪುಕಟ್ಟಿಕೊಂಡು ಬಯಲಿಗೆ ಹೋಗಿ ಕೃಷ್ಣಮೃಗದ ಮರಿಗಳನ್ನು ಅಟ್ಟಿ ಹಿಡಿಯುವದು ಈ ಮೃಗಗಳಿರುವ ಅನೇಕ ಪ್ರದೇಶಗಳಲ್ಲಿ ಕಂಡುಬಂದ ಸಂಗತಿ. ಒಂದು ಪ್ರಾಣಿಯ ಮೇಲಿನ ಅವಿಚಾರದ ದಯೆಯು ಇನ್ನೊಂದು ಪ್ರಾಣಿಗೆ ಮೃತ್ಯುವಾಗುವದು ಹೀಗೆ. ಬೀದರದ ಸುತ್ತಲಿನ ಹುಲ್ಲುಗಾವಲು ಮತ್ತು ಹೊಲಗಳಲ್ಲಿ ಈ ಮೃಗಗಳು ಇಂದಿಗೂ ಬಾಳಿಕೊಂಡಿವೆ. ಗಂಡು ಬೆನ್ನಿನ ಮೇಲೆ ಕಪ್ಪು, ತಿರುಚಿದ ಕೊಂಬು, ಹೆಣ್ಣು ಕಂದುಬಣ್ಣದ್ದು. ದಟ್ಟವಾದ ಅಡವಿ ಇವಕ್ಕೆ ಬೇಡ; ದೂರದವರೆಗೆ ಕಣ್ಣು ಹಾಯುವ ಬಯಲು ಬೇಕು, ಏಕೆಂದರೆ ಕಾಲಿನ ವೇಗವೇ ಇವುಗಳ ಕೋಟೆ. ಆ ವೇಗವನ್ನು ಕಲಿಸಿದ ಗುರುವು ಚಿರತೆಯ ಜಾತಿಯದೇ ಬೇರೆ ಮೃಗವಾದ ಚೀತಾ. ದೇಶದಲ್ಲಿ ಅದು ನಿರ್ವಂಶವಾಯಿತೆಂದು ೧೯೫೨ರಲ್ಲಿ ಘೋಷಿಸಲಾಯಿತು. ದಕ್ಷಿಣದ ಬಯಲುಗಳಲ್ಲಿ ತೋಳವೂ ವಿರಳವಾಯಿತು. ಊರಿನ ಗಾಯರಾಣವು ಒಂದಿಷ್ಟು ಉಳುಮೆಗೆ ಹೋಯಿತು, ಒಂದಿಷ್ಟು ಮನೆಗಳಿಗೆ ಹೋಯಿತು. ಉಳಿದ ಹುಲ್ಲುಗಾವಲನ್ನು ಬಂಜರೆಂದು ಬಗೆದು ಅಲ್ಲಲ್ಲಿ ಗಿಡಗಳನ್ನು ನೆಟ್ಟರು. ಹುಲ್ಲು ಹೋದ ಮೇಲೆ ಮೃಗವು ಹೆಸರು, ಉದ್ದು, ಸೋಯಾ, ಕಡಲೆಗಳ ಎಳೆಯ ಚಿಗುರಿಗೆ ಬಾಯಿ ಹಾಕಿತು. ಇದರಲ್ಲಿ ಮೃಗದ ಅಪರಾಧವನ್ನು ಹುಡುಕುವದು ವ್ಯರ್ಥ. ನೇಗಿಲು ಬರುವ ಮೊದಲೇ ಅದು ಇಲ್ಲಿತ್ತು. ಒಕ್ಕಲುಮಗನ ಅಪರಾಧವನ್ನು ಹುಡುಕುವದೂ ವ್ಯರ್ಥ; ಅವನು ಸಾಲ ತಂದು ಬಿತ್ತಿರುವನು.

ಕಾನೂನು ಈ ಮೃಗದ ಪಕ್ಷವನ್ನು ಬಲವಾಗಿ ಹಿಡಿದಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಕೃಷ್ಣಮೃಗದ ಹೆಸರಿದೆ. ಮನುಷ್ಯರ ಪ್ರಾಣಕ್ಕೆ ಅಪಾಯವಾದರೆ ಇಲ್ಲವೆ ಅದು ವಾಸಿಯಾಗದ ರೋಗಕ್ಕೆ ಈಡಾದರೆ ಹೊರತು, ಕೇವಲ ಪೈರನ್ನು ತಿಂದಿತೆಂದು ಅದನ್ನು ಕೊಲ್ಲಲು ಅನುಮತಿ ದೊರೆಯದು. ಕಾಡುಹಂದಿಯ ವಿಷಯದಲ್ಲಿ ಕಾಯಿದೆಯು ಅಷ್ಟು ಬಿಗಿಯಾಗಿಲ್ಲ; ಬೆಳೆಗೆ ಅಪಾಯವೆಂದು ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಅನುಮತಿಯನ್ನು ಕೊಡಬಹುದು. ಕಬ್ಬಿನ ಹೊಲವೇ ಹಂದಿಗೆ ಹೊದ್ದಿಕೆಯೂ ಆಹಾರವೂ ಆಗಿರುವದರಿಂದ ಅದರ ಸಂತತಿಯನ್ನು ಬೆಳೆಸಿದವನು ಮನುಷ್ಯನೇ ಎಂಬದು ಬೇರೆ ಮಾತು. ಅನುಮತಿಯ ದಾರಿಯನ್ನು ಬಿಟ್ಟು ಬೇಲಿಗೆ ವಿದ್ಯುತ್ತನ್ನು ಹರಿಸುವವರೂ, ಸಿಡಿಮದ್ದಿನ ಉಂಡೆಯನ್ನು ಇಡುವವರೂ ಉಂಟು. ಆ ತಂತಿಗೆ ಹಂದಿಯೂ ಕೃಷ್ಣಮೃಗವೂ ನೆರೆಹೊಲದವನೂ ಒಂದೇ. ಉಂಡೆಯನ್ನು ಕಚ್ಚಿದ ದೇವಣಿ ಎತ್ತಿನ ದವಡೆಯು ಒಡೆದ ಮೇಲೆ ಪಶ್ಚಾತ್ತಾಪದಿಂದ ಪ್ರಯೋಜನವಿಲ್ಲ.

ರಾಜಸ್ಥಾನದ ಬಿಷ್ಣೋಯಿ ಜನರು ಕೃಷ್ಣಮೃಗವನ್ನು ಹೊಲದಿಂದ ಓಡಿಸುವದಿಲ್ಲ, ಅದರ ಪಾಲನ್ನು ಅದಕ್ಕೆ ಬಿಡುವರು ಎಂದು ಪಟ್ಟಣಿಗರು ಉದಾಹರಿಸುವದುಂಟು. ಉದಾಹರಣೆಯು ಉಜ್ವಲವಾದದ್ದೇ, ಗಿಡಗಳನ್ನು ಉಳಿಸುವದಕ್ಕಾಗಿ ೧೭೩೦ರಲ್ಲಿ ಖೇಜಡಲಿಯಲ್ಲಿ ಆ ಸಮಾಜದ ೩೬೩ ಜನರು ಪ್ರಾಣ ಕೊಟ್ಟರೆಂದು ಹೇಳುವರು. ಆದರೆ ಬಿಷ್ಣೋಯಿಯು ಬಿಡುವದು ತನ್ನ ಹೊಲದ ಪಾಲನ್ನು. ವ್ರತವನ್ನು ತೊಟ್ಟವನೂ ಅವನೇ. ಔರಾದಿನ ಒಕ್ಕಲುಮಗನು ಅಂಥ ವ್ರತವನ್ನು ತೊಟ್ಟಿಲ್ಲ. ಅವನ ಹೊಲದಲ್ಲಿ ಬಿಷ್ಣೋಯಿಯ ವ್ರತವನ್ನು ಪಟ್ಟಣದವನು ತೊಡುವದು, ನೆರೆಯವನ ತೊಡೆಯಿಂದ ಮಾಂಸವನ್ನು ಕೊಯ್ಯುವ ಶಿಬಿಯಾಗುವದೇ ಸರಿ. ಮೃಗವು ದೇಶದ ಸಂಪತ್ತೆಂದು ಕಾನೂನು ಹೇಳುವದಾದರೆ ಅದರ ಮೇವಿನ ಖರ್ಚೂ ದೇಶದ್ದಾಗತಕ್ಕದ್ದು. ಬೆಳೆಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರವನ್ನು ಕೊಡುವ ಏರ್ಪಾಡು ರಾಜ್ಯದಲ್ಲಿದೆ. ೨೦೨೫ರ ನವೆಂಬರಿನಲ್ಲಿ ಕೇಂದ್ರ ಸರಕಾರವು, ೨೦೨೬ರ ಮುಂಗಾರಿನಿಂದ ಕಾಡುಪ್ರಾಣಿಗಳಿಂದಾದ ನಷ್ಟವನ್ನೂ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಸೇರಿಸುವದಾಗಿ ಪ್ರಕಟಿಸಿತು. ನಷ್ಟವಾದ ೭೨ ಗಂಟೆಗಳೊಳಗೆ ಚಿತ್ರಸಹಿತ ತಿಳಿಸಬೇಕೆಂಬದು ಅದರ ನಿಬಂಧನೆ. ಏರ್ಪಾಡುಗಳು ಒಳ್ಳೆಯವೇ. ಆದರೆ ಹಣವು ವರ್ಷ ಕಳೆದು ಬಂದರೆ, ಅರ್ಜಿಗಾಗಿ ಮೂರು ದಿನದ ಕೂಲಿಯು ಹೋದರೆ, ಮೊಬಾಯಿಲಿನ ಚಿತ್ರವು ತೆಗೆಯಲು ಬಾರದೆ ಅರ್ಜಿಯೇ ಬಿದ್ದುಹೋದರೆ, ಆ ಪರಿಹಾರವು ಕಾಗದದ ದಯೆಯಾಗುವದು. ಓದುಬರಹ ಬಲ್ಲ ಮನೆಗಳವರು ಇಂಥ ಅರ್ಜಿಯೊಂದನ್ನು ತುಂಬಿಕೊಟ್ಟರೆ ಅದು ಹತ್ತು ಭಾಷಣಗಳಿಗಿಂತ ದೊಡ್ಡ ಮೃಗಸೇವೆಯಾದೀತು. ಇದರೊಡನೆ ಉಳಿದಿರುವ ಗಾಯರಾಣವನ್ನು ಹುಲ್ಲಿಗಾಗಿಯೇ ಉಳಿಸುವದು ಅತ್ಯಗತ್ಯ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ ೧೯೭೪ರಲ್ಲಿಯೇ ಕೃಷ್ಣಮೃಗಗಳಿಗಾಗಿ ಅಭಯಾರಣ್ಯವಾಯಿತು. ಹುಲ್ಲಿನ ಬಯಲೂ ಅರಣ್ಯದಷ್ಟೇ ಬೆಲೆಯುಳ್ಳದ್ದೆಂಬ ತಿಳಿವಳಿಕೆಯು ಇನ್ನೂ ಎಲ್ಲೆಡೆ ಹರಡಿಲ್ಲ.

ಬೆಲೆಯು ಅತ್ಯಲ್ಪವಾಗಿದ್ದೂ ತೆರಲ್ಪಡದ ಒಂದು ಪ್ರಸಂಗವು ಹಾವಿನದು. ೨೦೦೦ದಿಂದ ೨೦೧೯ರ ವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ವರ್ಷಕ್ಕೆ ಸರಾಸರಿ ೫೮,೦೦೦ ಎಂದು ೨೦೨೦ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರಿಂದಲೇ ಬಹುಪಾಲು ಸಾವು. ಈ ನಾಲ್ಕಕ್ಕೂ ಒಂದೇ ಪ್ರತಿವಿಷವು ದೊರೆಯುವದು. ಕರ್ನಾಟಕವು ೨೦೨೪ರಲ್ಲಿ ಹಾವು ಕಡಿತದ ಪ್ರತಿಯೊಂದು ಪ್ರಸಂಗವನ್ನೂ ಆಸ್ಪತ್ರೆಗಳು ಸರಕಾರಕ್ಕೆ ತಿಳಿಸತಕ್ಕದ್ದೆಂದು ಗೊತ್ತುಪಡಿಸಿತು. ಹಾವು ಮನೆಗೆ ಬರುವದು ಇಲಿಯ ಬೆನ್ನು ಹತ್ತಿ. ಇಲಿ ಬರುವದು ಕಾಳಿನ ಬೆನ್ನು ಹತ್ತಿ. ಕಾಳಿನ ಚೀಲವನ್ನು ಮಲಗುವ ಕೋಣೆಯಲ್ಲಿ ಇಡದಿರುವದು, ನೆಲದ ಬದಲು ಮಂಚದ ಮೇಲೆ ಸೊಳ್ಳೆಪರದೆ ಕಟ್ಟಿ ಮಲಗುವದು, ಕತ್ತಲೆಯಲ್ಲಿ ಬ್ಯಾಟರಿಯ ಬೆಳಕಿಲ್ಲದೆ ಹೊರಗೆ ಕಾಲಿಡದಿರುವದು, ಕಚ್ಚಿದರೆ ಮಂತ್ರವಾದಿಯ ಕಟ್ಟೆಗೆ ಹೋಗದೆ ಆಸ್ಪತ್ರೆಗೆ ಹೋಗುವದು, ಇಷ್ಟರಿಂದ ಹಾವೂ ಉಳಿಯುವದು, ಮನುಷ್ಯನೂ ಉಳಿಯುವನು. ಆದರೆ ಹೊಲದ ಆಳಿಗೆ ಮಂಚವನ್ನೂ ಬೂಟನ್ನೂ ಬ್ಯಾಟರಿಯನ್ನೂ ಕೊಡಿಸುವದು ಧಣಿಯ ಧರ್ಮವೆಂಬ ವಿಚಾರವು ನಾಗರಪಂಚಮಿಯ ದಿನ ಹುತ್ತಕ್ಕೆ ಹಾಲೆರೆಯುವ ಎಷ್ಟು ಧಣಿಗಳಿಗೆ ಹೊಳೆಯುವದು?

ಇಲ್ಲಿ ಒಂದು ಆಕ್ಷೇಪವು ಬರಬಹುದು. ದಯೆಯು ಹೃದಯದ ಧರ್ಮ. ಅದಕ್ಕೆ ಜಮಾಖರ್ಚಿನ ಲೆಕ್ಕವನ್ನು ಹಚ್ಚಿದರೆ ಅದು ವ್ಯಾಪಾರವಾಗುವದಿಲ್ಲವೆ? ಆಕ್ಷೇಪವು ಗಂಭೀರವಾದದ್ದು. ಸಂವಿಧಾನವೂ ಸಕಲ ಜೀವಿಗಳಲ್ಲಿ ಅನುಕಂಪೆಯುಳ್ಳವನಾಗಿರುವದು ನಾಗರಿಕನ ಕರ್ತವ್ಯವೆಂದು ೧೯೭೬ರ ತಿದ್ದುಪಡಿಯ ಮೂಲಕ ಹೇಳಿದೆ. ಅಲ್ಲಿ ಲೆಕ್ಕದ ಮಾತಿಲ್ಲ. ಇದಕ್ಕೆ ಉತ್ತರವಿಷ್ಟೇ: ಲೆಕ್ಕವನ್ನು ನೋಡುವದು ದಯೆಯನ್ನು ಕುಗ್ಗಿಸಲಿಕ್ಕಲ್ಲ, ದಯೆಯು ಮುಟ್ಟದೆ ಬಿಟ್ಟವರನ್ನು ಕಾಣಲಿಕ್ಕೆ. ನಾಯಿಯನ್ನು ಕಂಡು ಕರಗುವ ಹೃದಯವು ನಸುಕಿನಲ್ಲಿ ಗುಡಿಸುವವಳನ್ನು ಕಂಡು ಕರಗದಿದ್ದರೆ, ಅದು ಕರಗಿದ್ದು ಅರ್ಧವೇ.

ಮತ್ತು ಲೆಕ್ಕವನ್ನು ನೋಡಿದಲ್ಲಿಯೇ ಒಂದು ವಿವೇಕವು ತಾನಾಗಿ ಹೊರಡುವದು. ಬೆಲೆಗಳಲ್ಲಿ ಎರಡು ಬಗೆ. ಹಂಚಿಕೊಳ್ಳಬಹುದಾದ ಬೆಲೆ ಒಂದು. ಹಂಚಿಕೊಳ್ಳಲಾಗದ ಬೆಲೆ ಇನ್ನೊಂದು. ಕೃಷ್ಣಮೃಗವು ತಿಂದ ಕಡಲೆಯ ಬೆಲೆಯನ್ನು ಇಡೀ ರಾಜ್ಯವು ಹಂಚಿಕೊಳ್ಳಬಹುದು. ಹಂಚಿಕೊಂಡರೆ ಒಬ್ಬೊಬ್ಬನ ಪಾಲಿಗೆ ಬರುವದು ಒಂದು ಹಿಡಿಯೂ ಅಲ್ಲ. ಆದುದರಿಂದ ಅಲ್ಲಿ ಮೃಗವನ್ನು ಕೊಲ್ಲುವ ಮಾತಿಗೆ ನೆಲೆಯಿಲ್ಲ, ಒಕ್ಕಲುಮಗನೊಬ್ಬನೇ ಹೊರಲಿ ಎಂಬ ಮಾತಿಗೂ ನೆಲೆಯಿಲ್ಲ. ರೇಬಿಸ್ಸಿನಿಂದ ಸತ್ತ ಮಗುವಿನ ಸಾವನ್ನಾದರೋ ಯಾರೂ ಹಂಚಿಕೊಳ್ಳಲಾರರು. ಪರಿಹಾರದ ಹಣವು ಎಷ್ಟೇ ಆಗಲಿ, ಆ ಬೆಲೆಯನ್ನು ಒಂದು ಮನೆಯೇ ಪೂರ್ತಿಯಾಗಿ ತೆತ್ತಿರುವದು. ಇಂಥ ಬೆಲೆಯು ಬೀಳುವ ಸಂಭವವಿದ್ದಲ್ಲಿ ಬೆಲೆಯನ್ನು ಹಂಚುವ ಮಾತಿಗಿಂತ ತಡೆಯುವ ಮಾತು ಮೊದಲು ಬರತಕ್ಕದ್ದು. ಶಾಲೆಯ ಅಂಗಳದಿಂದ ನಾಯಿಗಳನ್ನು ತೆಗೆಯುವದೂ, ಮೇಲೆ ಬೀಳುವ ನಾಯಿಯನ್ನು ಕಟ್ಟಿಯಿಡುವದೂ ಈ ಕಾರಣದಿಂದ ದಯೆಗೆ ವಿರುದ್ಧವಲ್ಲ. ಕಟ್ಟಿಹಾಕಲ್ಪಟ್ಟ ನಾಯಿಗೆ ಸ್ವಾತಂತ್ರ್ಯವು ಹೋಗುವದು ನಿಜ; ಅದೂ ಒಂದು ನಷ್ಟವೇ. ಆ ನಷ್ಟಕ್ಕೆ ಪ್ರತಿಯಾಗಿ ಅದಕ್ಕೆ ಅನ್ನ, ನೀರು, ನೆರಳು, ಔಷಧಗಳನ್ನು ಅದರ ಆಯುಷ್ಯವಿರುವ ತನಕ ಒದಗಿಸುವ ಹೊಣೆಯು ಕಟ್ಟಿದವರ ಮೇಲೆ ಬೀಳುವದು. ಆ ಹೊಣೆಯನ್ನು ಮರೆತ ಆಶ್ರಯವು ಆಶ್ರಯವಲ್ಲ, ಸೆರೆಮನೆ.

ಪ್ರಾಣಿಗಳ ಮೇಲೆ ದಯೆಯಿರಬೇಕೆ ಎಂಬ ಪ್ರಶ್ನೆಯು ಈ ಜಿಲ್ಲೆಯ ಮಟ್ಟಿಗೆ ಎಂದೋ ತೀರಿಹೋದದ್ದು. ಇಲ್ಲಿಯ ಮಠ, ಗುಡಿ, ದರ್ಗೆಗಳೆಲ್ಲ ಅದಕ್ಕೆ ಒಂದೇ ಉತ್ತರವನ್ನು ಕೊಟ್ಟಿವೆ. ಉಳಿದಿರುವದು ಕರದ ಪ್ರಶ್ನೆ, ಕಸದ ಪ್ರಶ್ನೆ, ಪರಿಹಾರದ ಅರ್ಜಿಯ ಪ್ರಶ್ನೆ. ಇವು ದೊಡ್ಡ ಪ್ರಶ್ನೆಗಳಂತೆ ಕಾಣುವದಿಲ್ಲ. ಇವುಗಳನ್ನು ಕುರಿತು ಯಾರೂ ಪುರಾಣವನ್ನು ಬರೆಯಲಾರರು. ಆದರೂ ಮನೆಯ ಕರವನ್ನು ಕೊಡುವಾಗ ಗೊಣಗುವ, ಹಸಿ ಕಸವನ್ನು ಬೇರೆ ಮಾಡಲು ಬೇಸರಪಡುವ, ಊರಿನ ಆಯವ್ಯಯದಲ್ಲಿ ನಾಯಿಗಳ ಲಸಿಕೆಗೆ ಎಷ್ಟು ಹಣವನ್ನಿಟ್ಟಿರುವರೆಂದು ಒಮ್ಮೆಯೂ ಕೇಳದ ಮನುಷ್ಯನು, ರಾತ್ರಿ ಎಷ್ಟು ರೊಟ್ಟಿಗಳನ್ನು ಹಾಕಿದರೂ, ತನ್ನ ತೊಡೆಯನ್ನು ಇನ್ನೂ ತಕ್ಕಡಿಯ ಹತ್ತಿರಕ್ಕೆ ತಂದಿರುವದಿಲ್ಲ.